ಕಿವಿ ಕಟ್ಟಿದ ಪಾರ್ಸೆಲ್

"ಕತ್ತರಿ ಹಾಕಬೇಡ, ಹಾಕಬೇಡ!"

ನಾನು ಕೂಗಿದ ರಭಸಕ್ಕೆ ಮೋನಿಕಾಳ ಕೈಯಲ್ಲಿದ್ದ ಕತ್ತರಿ ಕೀಬೋರ್ಡಿನ ಮೇಲೆ ಬಿತ್ತು. ಮೂಲೆಯಲ್ಲಿ ಜಾತಕದ ಪ್ರಿಂಟ್ ತೆಗೆಸಲು ಕೂತಿದ್ದ ಗಂಡ ಹೆಂಡತಿ ತಿರುಗಿ ನೋಡಿದರು. ನಮ್ಮಿಬ್ಬರ ಗ್ರಹಗತಿಯೇ ಸರಿಯಿಲ್ಲ ಅಂದುಕೊಂಡಿರಬೇಕು, ಮತ್ತೆ ತಮ್ಮ ಪರದೆಯ ಕಡೆ ಮುಖ ಮಾಡಿದರು.

"ಇದನ್ನ ಇಟ್ಕೊಂಡು ಎಂತ ಮಾಡೋದು ಅಮ್ಮಾ?" ಬ್ರೌಸಿಂಗ್ ಸೆಂಟರ್ ನೋಡಿಕೊಳ್ಳುವ ಮೋನಿಕಾ ಪಾರ್ಸೆಲ್ಲಿನ ಬಟ್ಟೆಯನ್ನು ಎತ್ತಿ ಹಿಡಿದಳು. ಊರಿನ ಹುಡುಗಿಯರೆಲ್ಲ ನನ್ನನ್ನು ಕರೆಯುವುದೇ ಅಮ್ಮಾ ಎಂದು. "ಕಂಪ್ಯೂಟರ್ ಒರೆಸೋಕಾದ್ರೂ ಆಗತ್ತೆ ಅಂತ ಕತ್ತರಿಸ್ತಿದ್ದೆ."

"ಒರೆಸೋಕೆ ನನ್ನ ಸೆರಗು ಕೊಡ್ತೇನೆ. ಅದನ್ನ ಇತ್ಲಾಗೆ ಕೊಡು."

ಬೆಳ್ಳಿ ಕಪ್ ಬರಬೇಕಿದ್ದ ಆ ಪಾರ್ಸೆಲ್ಲಿನಿಂದ ಹೊಳೆಗಲ್ಲು ಬಂದು ಒಂದು ವಾರವಾಗಿತ್ತು. ಆ ವಾರವಿಡೀ ನಾವಿಬ್ಬರೂ ಕಲ್ಲನ್ನೇ ತಿರುಗಿಸಿ ತಿರುಗಿಸಿ ನೋಡಿದ್ದೆವು. ಕಲ್ಲನ್ನು ಸುತ್ತಿಕೊಂಡು ಬಂದ ಬಟ್ಟೆಯನ್ನು ಇಬ್ಬರೂ ನೋಡಿರಲಿಲ್ಲ. ಬಾಳೂರು ಅಂಚೆ ಕಚೇರಿಯಲ್ಲಿ ತಲೆ ನೆರೆಯುವ ತನಕ ಪಾರ್ಸೆಲ್ ತೂಗಿದ ಈ ನಂಜಮ್ಮನಿಗೆ ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೇ?

ರಿಟೈರಾದ ಪೋಸ್ಟಮ್ಮನಿಗೆ ಪತ್ತೇದಾರಿಕೆ ಯಾಕೆ ಎಂದು ನನ್ನ ತಮ್ಮ ಕೇಳುತ್ತಿರುತ್ತಾನೆ. ಊರಿನವರ ಪತ್ರಗಳನ್ನೆಲ್ಲ ಕೈಯಲ್ಲಿ ಹಿಡಿದೂ ಒಂದನ್ನೂ ಒಡೆದು ಓದದೆ ಕೆಲಸ ಮುಗಿಸಿದವಳು ನಾನು. ಅಷ್ಟು ವರ್ಷದ ಕುತೂಹಲ ಎಲ್ಲಿಗೆ ಹೋಗಬೇಕು, ನೀವೇ ಹೇಳಿ.

ಬಟ್ಟೆಯನ್ನು ಮೇಜಿನ ಮೇಲೆ ಹಾಸಿದೆ. ಗಟ್ಟಿ ಬಿಳಿ ಕೋರಾ ಬಟ್ಟೆ. ಪಾರ್ಸೆಲ್ ಬಂದ ದಿನ ಮೋನಿಕಾ ಆತುರದಲ್ಲಿ ತಳವನ್ನು ಕತ್ತರಿಸಿದ್ದಳು. ಬಾಯಿಯ ಕಡೆಯ ಹೊಲಿಗೆ ಹಾಗೆಯೇ ಉಳಿದಿತ್ತು. ಅಂಚೆಯ ಮುದ್ರೆ ಮಸುಕಾಗಿದ್ದರೂ ನನ್ನ ಕಣ್ಣಿಗೆ ಅದು ಹಳೆಯ ನೆಂಟ.

"ಮಾರಿದವ ಎಲ್ಲಿಯವ ಅಂತ ಬರ್ಕೊಂಡಿದ್ದ?"

"ಇಂದೋರು. ಅಂಗಡಿ ಹೆಸರೂ ಇತ್ತು. ನೂರು ಜನ ಒಳ್ಳೇ ಮಾತು ಬರೆದಿದ್ರು ಅಮ್ಮಾ, ಅದು ನೋಡೇ ನಂಬಿದ್ದು."

"ಮುದ್ರೆ ಹಾಸನದ್ದು."

ಮೋನಿಕಾ ಬಗ್ಗಿ ನೋಡಿದಳು. ಅವಳ ಉಸಿರು ನನ್ನ ಕೈಗೆ ತಾಗಿತು.

"ಇಂದೋರಿನ ಸೇಟು ಹಾಸನಕ್ಕೆ ಬಂದು ಕಲ್ಲು ಬುಕ್ ಮಾಡಿ ಹೋದ್ನಾ?" ನಾನು ಕೇಳಿದೆ. "ಅದೂ ಕಿವಿ ಕಟ್ಟಿ?"

"ಕಿವಿ?"

ಬಾಯಿಯ ಎರಡು ತುದಿಗಳನ್ನು ತೋರಿಸಿದೆ. ಎರಡೂ ಮೂಲೆಯಲ್ಲಿ ಬಟ್ಟೆಯನ್ನು ಹಿಡಿಯಷ್ಟು ಹೊರಗೆ ಬಿಟ್ಟು, ಹುರಿಯಿಂದ ಎರಡು ಸುತ್ತು ಬಿಗಿದು, ದಾರದ ತುದಿಯನ್ನು ಹೊಲಿಗೆಯ ಒಳಗೆ ತೂರಿಸಿದ್ದರು. ಕಾಫಿ ಮೂಟೆಗೆ ಕಟ್ಟುವ ಕಿವಿ. ಲಾರಿಗೆ ಎತ್ತುವಾಗ, ಇಳಿಸುವಾಗ ಇಬ್ಬರು ಆಳು ಹಿಡಿಯುವುದು ಅದನ್ನೇ. ಪಾರ್ಸೆಲ್ಲಿಗೆ ಕಿವಿ ಯಾಕೆ ಬೇಕು? ಬೇಕಿಲ್ಲ. ಆದರೆ ಮೂಟೆ ಹೊಲಿದು ಪಳಗಿದ ಕೈಗೆ ಅದು ಗೊತ್ತಾಗುವುದಿಲ್ಲ. ಹೊಲಿಗೆ ಶುರುವಾದರೆ ಕಿವಿ ತಾನಾಗಿ ಬರುತ್ತದೆ.

"ದಾರದ ತುದಿ ಹೀಗೆ ಒಳಗೆ ತೂರಿಸೋ ಪದ್ಧತಿ ಇರೋದು ಒಂದೇ ಎಸ್ಟೇಟಲ್ಲಿ," ಅಂದೆ. "ಹೊಸ ವರ್ಷಕ್ಕೆ ಅವ್ರ ಮನೆಯಿಂದ ಊರೂರಿನ ನೆಂಟರಿಗೆಲ್ಲ ಕಾಫಿಪುಡಿ ಪಾರ್ಸೆಲ್ ಹೋಗ್ತಿತ್ತು. ಎಲ್ಲಾ ನನ್ನ ತಕ್ಕಡಿ ಮೇಲೆ ಕೂತೇ ಹೋಗಿದ್ದು. ಈ ಕಿವಿ ಹಿಡಿದು ಎಷ್ಟು ಪಾರ್ಸೆಲ್ ಎತ್ತಿದ್ದೇನೆ ಅಂತ ನಂಗೇ ಗೊತ್ತಿಲ್ಲ."

ಹೆಸರನ್ನು ನಾನು ಹೇಳಬೇಕಾಗಲಿಲ್ಲ.

"ಸಂಪಿಗೆಕಾನು," ಅಂದಳು ಮೋನಿಕಾ.

ಅವಳು ಹುಟ್ಟಿದ ಎಸ್ಟೇಟ್. ಅವಳ ಅಪ್ಪ ಮಾರಯ್ಯ ಅಲ್ಲಿ ಕಾಫಿ ಒಣಗಿಸುವ ಕಣದ ಮೇಸ್ತ್ರಿಯಾಗಿದ್ದ. ಒಂಬತ್ತು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಬಂಗಲೆಯ ಹಾಲಿನಲ್ಲಿದ್ದ ಬೆಳ್ಳಿ ಕಪ್ ಕಾಣೆಯಾಯಿತು. ಮಾಲೀಕರಾದ ದೇವರಾಜೇಗೌಡರ ತಂದೆ ಟೆನಿಸ್ ಆಡಿ ಗೆದ್ದ ಕಪ್. ಒಂದು ಹಿಡಿ ಸೊಟ್ಟಗಿತ್ತು. ಮಾರಯ್ಯ ಹಿಂಬಾಗಿಲಿನಿಂದ ಹೊರಬಂದದ್ದನ್ನು ಕಂಡೆ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಮ್ಮಯ್ಯ ಹೇಳಿದ. ಅಷ್ಟೇ ಸಾಕ್ಷಿ. ಗೌಡರು ಪೊಲೀಸರಿಗೆ ಕೊಡಲಿಲ್ಲ, ಆಳುಗಳ ಸಾಲಿನ ಲೈನ್ ಮನೆ ಬಿಡಿಸಿ ಕಳಿಸಿದರು. ಅದನ್ನೇ ದೊಡ್ಡ ಉಪಕಾರ ಎಂದು ಊರು ಕೊಂಡಾಡಿತು. ಕಳ್ಳನಲ್ಲ ಎಂದು ಹೇಳಿಕೊಳ್ಳಲು ಕೋರ್ಟಾದರೂ ಇದ್ದಿದ್ದರೆ ಮಾರಯ್ಯ ಹೇಳಿಕೊಳ್ಳುತ್ತಿದ್ದನೋ ಏನೋ. ಉಪಕಾರದ ಎದುರಿಗೆ ಏನು ಹೇಳುತ್ತಾನೆ?

ಹೋದ ತಿಂಗಳು ಈ ಬ್ರೌಸಿಂಗ್ ಸೆಂಟರಿನ ಇದೇ ಕುರ್ಚಿಯಲ್ಲಿ ಕೂತು 'ಸವಾಲ್‌ಬಜಾರ್' ಎಂಬ ಹರಾಜಿನ ವೆಬ್‌ಸೈಟ್ ನೋಡುತ್ತಿದ್ದ ಮೋನಿಕಾಳಿಗೆ ಆ ಸೊಟ್ಟ ಹಿಡಿ ಕಂಡಿತು. ಯಾರ ಹತ್ತಿರವೂ ಹೇಳದೆ ಸವಾಲು ಕೂಗಿದಳು. ಕೂಗಿ ಗೆದ್ದಳು. ದುಡ್ಡು ಹೋಯಿತು, ಕಲ್ಲು ಬಂತು. ದೂರು ಕೊಟ್ಟರೆ ವೆಬ್‌ಸೈಟಿನವರು ಕಳಿಸಿದ ಉತ್ತರವನ್ನೇ ಮತ್ತೆ ಕಳಿಸಿದರು. ಚಿತ್ರವಿದ್ದ ಪುಟ ಮಾಯವಾಯಿತು. ಮಾರಿದವ ಮಾತ್ರ ಅವಳ ಹೆಸರಿನ ಮುಂದೆ ಒಂದು ಷರಾ ಬರೆದು ಹೋಗಿದ್ದ: ಈ ಗಿರಾಕಿ ಮೋಸಗಾರ್ತಿ, ಸಾಮಾನು ಇಟ್ಟುಕೊಂಡು ಕಲ್ಲಿನ ಕಥೆ ಕಟ್ಟುತ್ತಾಳೆ.

"ಅಪ್ಪನಿಗೆ ಕಳ್ಳ ಅಂದ್ರು," ಮೋನಿಕಾ ಆ ಷರಾ ತೋರಿಸಿ ನನ್ನ ಮುಂದೆ ಅತ್ತದ್ದು ಅದೊಂದೇ ಸಲ. "ಈಗ ನಂಗೂ ಅಂದ್ರು. ಅದೇ ಕಪ್ಪಿಗೆ."

ಆ ಮಾತು ಕೇಳಿದ ಮೇಲೆ ನಾನು ಸುಮ್ಮನೆ ಕೂರುವವಳಲ್ಲ. ಇನ್ನೂ ಒಂದು ಕಾರಣವಿತ್ತು. ಮಾರಯ್ಯನ ತಾಯಿ ಭಾಗಮ್ಮ ಈಗಲೂ ಎಸ್ಟೇಟಿನ ಲೈನಿನಲ್ಲೇ ಇದ್ದಾಳೆ, ಹಾಸಿಗೆ ಹಿಡಿದಿದ್ದಾಳೆ. ಮಗನನ್ನು ನೋಡಬೇಕು ಎನ್ನುತ್ತಾಳೆ. ಕದ್ದದ್ದು ಒಪ್ಪಿಕೊಂಡರೆ ಗೇಟು ತೆಗೆಯುತ್ತೇನೆ ಎನ್ನುತ್ತಾರೆ ಗೌಡರು. ಕದಿಯದ್ದನ್ನು ಒಪ್ಪಿಕೊಂಡು ಆ ಗೇಟು ದಾಟುವುದಿಲ್ಲ ಎನ್ನುತ್ತಾನೆ ಮಾರಯ್ಯ. ಮುದುಕಿ ಕಣ್ಣು ಮುಚ್ಚುವುದರೊಳಗೆ ಮಗ ತಲೆಯೆತ್ತಿ ಆ ಗೇಟು ದಾಟಬೇಕು. ನನಗೆ ಬೇಕಾದದ್ದು ಅಷ್ಟೇ. ಕಪ್ ಯಾರಿಗೆ ಹೋದರೆ ನನಗೇನು!

"ಎಸ್ಟೇಟಲ್ಲಿ ಕಂಪ್ಯೂಟರ್ ಯಾರ ಹತ್ರ ಇದೆ?"

"ಆಫೀಸಲ್ಲಿ. ರೈಟರ್ ತಮ್ಮಯ್ಯನೋರ ಮೇಜಿನ ಮೇಲೆ."

"ಮೂಟೆ ಹೊಲಿಸೋದು ಯಾರು?"

"ಅವ್ರೇ."

"ನಿಮ್ಮಪ್ಪನ್ನ ಕಂಡೆ ಅಂತ ಹೇಳಿದ್ದು ಯಾರು?"

ಮೋನಿಕಾ ಎದ್ದು, ಗೋಡೆಯಲ್ಲಿದ್ದ ಬ್ಯಾಗು ತೆಗೆದುಕೊಂಡಳು. ಜಾತಕದ ದಂಪತಿಗೆ, "ಪ್ರಿಂಟ್ ನಾಳೆ ಬನ್ನಿ, ಗುಣ ಎಲ್ಲ ಕೂಡಿ ಬಂದಿದೆ," ಎಂದು ಹೇಳಿ ಅಂಗಡಿಯ ಷಟರ್ ಎಳೆದಳು.

*

ಬಾಳೂರಿನ ಹತ್ತಿರದ ಆ ಎಸ್ಟೇಟಿಗೆ ಹೊರಡುವ ಮುಂಚೆ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯ ಹತ್ತಿರ ಮಾರಯ್ಯನ ಮನೆಗೆ ಹೋದೆವು. ಹೇಳದೆ ಹೋಗಬಹುದಿತ್ತು. ಆದರೆ ಯಾರ ಹೆಸರಿಗಾಗಿ ಜಗಳಕ್ಕೆ ಹೊರಟಿದ್ದೇನೋ ಅವನ ಮುಖ ನೋಡಿ ಹೊರಟರೆ ನನ್ನ ಸಿಟ್ಟಿಗೆ ಬಲ ಬರುತ್ತದೆ.

ಮಾರಯ್ಯ ಈಗ ಮರದ ಡಿಪೋದಲ್ಲಿ ಕಾವಲುಗಾರ. ಎಸ್ಟೇಟು ಬಿಟ್ಟ ಮೇಲೆ ಕಾಫಿ ಕೆಲಸ ಮುಟ್ಟಿಲ್ಲ. ಕಾಫಿ ಹಣ್ಣು ಕುಯ್ಯುವ ಈ ಜನವರಿಯಲ್ಲಿ ಎಲ್ಲ ಕಡೆ ಆಳಿಗೆ ಬರ. ಜೀಪು ಕಳಿಸಿ ಕರೆದರೂ ಅವನು ಹೋಗುವುದಿಲ್ಲ. ಜಗಲಿಯಲ್ಲಿ ಕೂತು ಬಿಸಿಲು ಕಾಯುತ್ತಿದ್ದವನು ನನ್ನನ್ನು ನೋಡಿ ಎದ್ದು, ಹೆಗಲ ಮೇಲಿನ ಟವೆಲ್ ತೆಗೆದ.

"ಬನ್ನಿ ಅಮ್ಮಾ. ಮಗಳು ನಿಮ್ಮನ್ನ ಅಲೆದಾಡಿಸ್ತಿದ್ದಾಳೆ."

"ಅಲೆದಾಡ್ಸೋದು ನಾನು. ಅವಳು ಬರೀ ಹಿಂದೆ ಬರ್ತಾಳೆ."

ಒಳಗೆ ಹೋಗಿ ಕಾಫಿ ತಂದ. ಲೋಟವನ್ನು ನನ್ನ ಕೈಗೆ ಕೊಡದೆ ಜಗಲಿಯ ಮೇಲಿಟ್ಟು, ನನ್ನ ಕಡೆ ಸರಿಸಿ, ಹಿಂದಕ್ಕೆ ನಿಂತ. ನನಗೆ ಮೈ ಉರಿದುಹೋಯಿತು. ಎಸ್ಟೇಟಿನ ಲೈನಿನವರಿಗೆ ಬಂಗಲೆಯವರು ಕಲಿಸಿದ ಬುದ್ಧಿ ಇದು, ಎಷ್ಟು ವರ್ಷವಾದರೂ ಹೋಗುವುದಿಲ್ಲ.

"ಕೈಗೆ ಕೊಡೋ ಮಾರಾಯ! ನಾನೇನು ಕಚ್ಚುತ್ತೇನಾ? ನನ್ನ ಮುಂದೆ ಈ ಮಡಿ ಮೈಲಿಗೆ ಎಲ್ಲ ಇಟ್ಕೋಬೇಡ."

ಮಾರಯ್ಯ ನಕ್ಕ. "ಅದಲ್ಲ ಅಮ್ಮಾ," ಅಂದ. ಏನೋ ಹೇಳಲು ಹೋಗಿ ಬಿಟ್ಟ. ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಬಟ್ಟೆಯ ವಿಷಯ ಹೇಳಿದೆ. ತೋರಿಸಲಿಲ್ಲ, ಅದು ಮೋನಿಕಾಳ ಬ್ಯಾಗಿನಲ್ಲಿತ್ತು. ಕಿವಿ ಕಟ್ಟಿದ್ದು, ಹಾಸನದ ಮುದ್ರೆ, ಕಂಪ್ಯೂಟರು, ತಮ್ಮಯ್ಯ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ಅವನ ಮುಖದಲ್ಲಿ ಬೆಳಕು ಕಾಣುತ್ತದೆ ಎಂದು ಕಾಯುತ್ತಿದ್ದೆ. ಕಾಣಲಿಲ್ಲ.

"ರೈಟರ್ ಸುದ್ದಿಗೆ ಹೋಗ್ಬೇಡಿ ಅಮ್ಮಾ."

"ಯಾಕೆ ಹೋಗ್ಬಾರ್ದು?"

"ಅವ್ರು ಅಂಥವ್ರಲ್ಲ."

"ನಿನ್ನ ಮೇಲೆ ಕಳ್ಳತನ ಹೊರಿಸಿದವ ಅವನು!"

"ಕಂಡಿದ್ದು ಹೇಳಿದ್ರು." ಮಾರಯ್ಯ ಟವೆಲನ್ನು ಹಿಂಡುತ್ತ ನಿಂತ. "ಸುಮ್ನೆ ಯಾರ ಮೇಲೂ ಆ ಹೆಸರು ಹಾಕ್ಬೇಡಿ. ಅದರ ಭಾರ ಎಷ್ಟು ಅಂತ ನಂಗೊತ್ತು. ಎತ್ತಿಟ್ಟವ್ರು ಮನೆಗೆ ಹೋಗ್ತಾರೆ. ಹೊತ್ತವನು ಹೊರ್ತಾನೇ ಇರ್ಬೇಕು."

"ಅಪ್ಪಾ," ಅಂದಳು ಮೋನಿಕಾ, "ಅಜ್ಜಿಗೆ ಹೋದ ವಾರದಿಂದ ಗಂಜೀನೂ ಇಳೀತಿಲ್ಲ. ಇನ್ನೂ ಎಷ್ಟು ಕಾಯೋದು?"

ಅವನು ಮಗಳ ಮುಖ ನೋಡಲಿಲ್ಲ. ಡಿಪೋದ ಕಡೆ ನೋಡುತ್ತ ನಿಂತ. ಅಂಥ ಒಳ್ಳೆಯವನನ್ನು ಹೀಗೆ ನೆಲಕ್ಕೆ ಒತ್ತಿದವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕುಕ್ಕಿದೆ.

"ಕೇಳು ಮಾರಯ್ಯ. ಆ ಕಿವಿ ಕಟ್ಟಿದ ಕೈ ಯಾರದೋ, ಆ ಕೈಯನ್ನ ನಿನ್ನ ಕಣ್ಣ ಮುಂದೆ ತಂದು ನಿಲ್ಲಿಸ್ತೇನೆ. ಇವತ್ತೇ. ಇಲ್ಲದಿದ್ರೆ ನನ್ನ ಹೆಸರು ನಂಜಮ್ಮ ಅಲ್ಲ."

"ಅಮ್ಮಾ..." ಅಂದ ಮಾರಯ್ಯ.

ನಾನಾಗಲೇ ಬಾಡಿಗೆ ಜೀಪು ಹತ್ತಿದ್ದೆ.

*

ಕೊಟ್ಟಿಗೆಹಾರ ದಾಟಿ ಸಂಪಿಗೆಕಾನಿನ ಗೇಟಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಡ್ರೈವರ್ ಶಂಕರ ಗೇಟಿನ ಹೊರಗೇ ಜೀಪು ನಿಲ್ಲಿಸಿದ. ಗೌಡರು ಚಿಕ್ಕಮಗಳೂರಿಗೆ ಹೋಗಿದ್ದರು. ಒಳ್ಳೆಯದೇ ಆಯಿತು. ಕಾವಲಿನವನಿಗೆ ನನ್ನನ್ನು ತಡೆಯುವಷ್ಟು ಧೈರ್ಯವಿರಲಿಲ್ಲ. ಅವನ ಮದುವೆಯ ಕಾಗದಗಳಿಗೆಲ್ಲ ಸ್ಟಾಂಪು ಹಚ್ಚಿ ಕಳಿಸಿದವಳು ನಾನು.

ರೈಟರ್ ತಮ್ಮಯ್ಯ ಅಂದಿನ ಹಣ್ಣು ಅಳೆಸುತ್ತಿದ್ದ. ಆಳುಗಳ ಸಾಲು ಮುಗಿಯುವ ತನಕ ಅಲುಗಾಡಲಿಲ್ಲ. ನಮ್ಮನ್ನು ಬಹಳ ಹೊತ್ತು ಕಾಯಿಸಿದ. ಬೇಕೆಂದೇ ಕಾಯಿಸುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ನಾವು ಕೂತಲ್ಲಿಂದ ಕಣ ಕಾಣುತ್ತಿತ್ತು, ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿ ಹರಡಿದ ಕಣ, ಅದರಾಚೆ ಲೈನ್ ಮನೆಗಳ ಹೆಂಚು. ಮೋನಿಕಾ ಹೆಂಚಿನ ಕಡೆ ನೋಡುತ್ತಿದ್ದಳು.

ಕೊನೆಗೆ ತಮ್ಮಯ್ಯ ಬಂದ. ತೆಳ್ಳಗಿನ ಆಳು, ಕನ್ನಡಕಕ್ಕೆ ದಾರ ಕಟ್ಟಿದ್ದ.

"ಏನು ನಂಜಮ್ಮೋರೆ, ದಾರಿ ತಪ್ಪಿ ಬಂದ್ರಾ?"

"ಸರಿಯಾದ ದಾರೀಲೇ ಬಂದಿದ್ದೇನೆ. ಗೋಡೌನಿಗೆ ನಡಿ. ಆಳುಗಳ ಮುಂದೆ ನಿನ್ನ ಮರ್ಯಾದೆ ತೆಗೆಯೋದು ಬೇಡ."

ಅವನ ಮುಖ ಕೆಂಪಾಯಿತು. ಮೋನಿಕಾಳನ್ನು ಆಗಲೇ ಗುರುತಿಸಿದ್ದ. ಗೋಡೌನಿನ ಬೀಗ ತೆಗೆದ.

ಗೋಡೌನಿನೊಳಗೆ ಗೋಣಿಯ ವಾಸನೆ ಗವ್ವೆನ್ನುತ್ತಿತ್ತು. ಲಾರಿಗೆ ಕಾಯುತ್ತಿದ್ದ ಮೂಟೆಗಳನ್ನು ಮಾಡಿನ ತನಕ ಪೇರಿಸಿದ್ದರು. ಎಲ್ಲಕ್ಕೂ ಎರಡೆರಡು ಕಿವಿ. ನಾನು ಹತ್ತಿರದ ಮೂಟೆಯ ಕಿವಿ ಬಗ್ಗಿಸಿ ನೋಡಿದೆ. ಎರಡು ಸುತ್ತು, ತುದಿ ಒಳಗೆ. ನನ್ನ ಎದೆ ಹಗುರವಾಯಿತು. ಕಳ್ಳ ಸಿಕ್ಕಿಬಿದ್ದ.

"ಮೋನಿಕಾ, ಬಟ್ಟೆ ತೆಗಿ."

ಮೂಟೆಯ ಮೇಲೆ ಅವಳು ಬಟ್ಟೆ ಹಾಸಿದಳು.

"ಇದು ಹಾಸನದಿಂದ ಬಂದಿದೆ, ತಮ್ಮಯ್ಯ. ಒಳಗೆ ಬೆಳ್ಳಿ ಕಪ್ ಇರ್ಬೇಕಿತ್ತು. ಕಲ್ಲಿತ್ತು. ಹೊಲಿಗೆ ನಿಮ್ಮ ಎಸ್ಟೇಟಿಂದು. ಕಂಪ್ಯೂಟರ್ ನಿನ್ನ ಮೇಜಿನ ಮೇಲಿದೆ. ಈ ಹುಡುಗಿ ಅಪ್ಪನ್ನ ಇಲ್ಲಿಂದ ಓಡಿಸಿದ ಮಾತು ನಿನ್ನ ಬಾಯಿಂದ ಬಂತು. ಇನ್ನು ನೀನು ಹೇಳು."

ತಮ್ಮಯ್ಯ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಮೂಟೆಯ ಮೇಲೆ ಕೂತುಬಿಟ್ಟ.

"ಕಪ್ ಸಿಕ್ತಾ?" ಅಂದ.

"ನನ್ನನ್ನೇ ಕೇಳ್ತೀಯಾ?"

"ನೀವೇ ಅಲ್ವಾ ಹೇಳಿದ್ದು, ಕಪ್ ಇರ್ಬೇಕಿತ್ತು ಅಂತ. ಎಲ್ಲಿ ಕಂಡ್ರಿ?"

ಮೋನಿಕಾ ಕಪ್ಪುಬಿಳುಪಿನ ಪ್ರಿಂಟೊಂದನ್ನು ಅವನ ಮುಂದೆ ಹಿಡಿದಳು. ಪುಟ ಮಾಯವಾಗುವ ಮುಂಚೆ ತೆಗೆದಿಟ್ಟುಕೊಂಡದ್ದು. ಮಸಿ ಕಮ್ಮಿಯಾಗಿ ಚಿತ್ರ ಅರ್ಧ ಅಳಿಸಿದಂತಿತ್ತು, ಹಿಡಿ ಮಾತ್ರ ಸರಿಯಾಗಿ ಕಾಣುತ್ತಿತ್ತು. ತಮ್ಮಯ್ಯ ಕನ್ನಡಕ ಏರಿಸಿ ನೋಡಿದ. 

"ಅದೇ," ಅಂದ. "ಅದೇ ಕಪ್. ಹಿಡಿ ಸೊಟ್ಟ ಆಗಿದ್ದು ನಾನೇ ಒಂದ್ಸಲ ಬೀಳಿಸಿ."

"ಕಂಪ್ಯೂಟರಲ್ಲಿ ಹಾಕಿದ್ದು ಯಾರು?"

"ನಂಜಮ್ಮೋರೆ, ಮಳೆಗಾಲದಲ್ಲಿ ಸಿಡಿಲು ಹೊಡೆದು ಟೆಲಿಫೋನ್ ಲೈನು, ಮೋಡೆಮ್ಮು ಎಲ್ಲಾ ಸುಟ್ಟು ಹೋಗಿದೆ. ಅದರಲ್ಲಿ ಈಗ ಇಂಟರ್‌ನೆಟ್ ಇಲ್ಲ. ಬೇಕಾದ್ರೆ ಈ ಹುಡುಗೀನೇ ನೋಡ್ಲಿ. ನಾನು ಅದರ ಮೇಲೆ ಬಟ್ಟೆ ಹೊದಿಸಿ ಕ್ಯಾಲೆಂಡರ್ ಇಟ್ಕೊಂಡಿದ್ದೇನೆ."

ಮೋನಿಕಾ ಹೋಗಿ ನೋಡಿ ಬಂದಳು. ಹೌದೆಂದು ತಲೆಯಾಡಿಸಿದಳು. ನನಗೆ ಸ್ವಲ್ಪ ಕಸಿವಿಸಿಯಾಯಿತು, ಆದರೆ ನಾನು ಅಷ್ಟಕ್ಕೆ ಬಿಡುವವಳಲ್ಲ.

"ಇಂಟರ್‌ನೆಟ್ ಚಿಕ್ಕಮಗಳೂರಲ್ಲೂ ಇದೆ, ಹಾಸನದಲ್ಲೂ ಇದೆ. ಹೊಲಿಗೆ ಎಲ್ಲಿ ಕಲ್ತಿದ್ದು? ಅದಕ್ಕೆ ಉತ್ತರ ಕೊಡು."

"ಹೊಲಿಗೆ ನಮ್ದೇ," ಅಂದ ತಮ್ಮಯ್ಯ. "ಸುಳ್ಳು ಯಾಕೆ ಹೇಳ್ಲಿ? ಇಲ್ಲಿ ಕಲಿತ ಕೈಯೇ."

"ಹಾಗಾದ್ರೆ?"

"ಆದ್ರೆ ಈಗ ಇಲ್ಲಿರೋ ಕೈ ಅಲ್ಲ."

ಅವನು ಎದ್ದು, ಬಟ್ಟೆಯನ್ನು ಮೂಟೆಯ ಬಾಯಿಗೆ ಸರಿಯಾಗಿ ಹೊಂದಿಸಿ ಹಿಡಿದ. ಎರಡು ಹೊಲಿಗೆಗಳೂ ಅಕ್ಕಪಕ್ಕ ಬಂದವು.

"ಸರಿಯಾಗಿ ನೋಡಿ. ಮೂಟೆ ಹೊಲಿಗೆ ಎತ್ಲಾಗೆ ವಾಲಿದೆ?"

"ಬಲಕ್ಕೆ."

"ಇದು?"

ನಾನು ನೋಡಿದೆ. ಬಟ್ಟೆಯ ಹೊಲಿಗೆ ಎಡಕ್ಕೆ ವಾಲಿತ್ತು. ತಿರುಗಾಮುರುಗಾ ಹಿಡಿದಿದ್ದಾನೆ ಎಂದು ಅನುಮಾನಪಟ್ಟು ಬಟ್ಟೆಯನ್ನು ಕಿತ್ತುಕೊಂಡು ಮಗುಚಿ ಹಾಕಿದೆ. ಆಗಲೂ ಎಡಕ್ಕೇ. ಇನ್ನೊಂದು ಮೂಟೆಗೆ ಹಿಡಿದೆ, ಮತ್ತೊಂದಕ್ಕೆ ಹಿಡಿದೆ. ಗೋಡೌನಿನಲ್ಲಿದ್ದ ಮೂಟೆಯ ಹೊಲಿಗೆಯೆಲ್ಲ ಒಂದು ಕಡೆಗೆ, ಇದೊಂದು ಇನ್ನೊಂದು ಕಡೆಗೆ.

"ಎಡಗೈಯಲ್ಲಿ ದಬ್ಬಣ ಹಿಡಿದ್ರೆ ಹಿಂಗೆ ಬರತ್ತೆ," ಅಂದ ತಮ್ಮಯ್ಯ. "ಈಗ ನಮ್ಮಲ್ಲಿ ಎಡಗೈಯವ್ರು ಯಾರೂ ಇಲ್ಲ. ಮುಂಚೆ ಇದ್ದಿದ್ದು ಒಬ್ರೇ. ಕಾಫಿ ಹದ ಮಾಡೋ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಳಿಸ್ಕೊಳ್ಳೋರು ತಮಾಷೆ ಮಾಡೋರು, ನಿಮ್ಮ ಎಡಚ ಹೊಲಿದಿದ್ದು ಲಾರಿಯಿಂದ ಬಿದ್ರೂ ಬಿಚ್ಚಲ್ಲ ಅಂತ."

"ಯಾರು?"

ತಮ್ಮಯ್ಯ ನನ್ನನ್ನು ನೋಡಲಿಲ್ಲ. ಮೋನಿಕಾಳನ್ನು ನೋಡಿದ. ನೋಡಿ ಕನ್ನಡಕ ತೆಗೆದು ಒರೆಸಿಕೊಳ್ಳಲು ಶುರುಮಾಡಿದ.

"ಬಿಡಿ ನಂಜಮ್ಮೋರೆ. ಹಳೇ ಕಥೆ."

"ಹೇಳು ಮಾರಾಯ!"

"ಒಂದ್ಸಲ ಬಾಯಿ ಬಿಟ್ಟು ಆ ಹುಡುಗಿ ಸಂಸಾರ ಬೀದಿಗೆ ಬಂತು. ಹಿಂಬಾಗಿಲಿಂದ ಬಂದ ಅಂತ ಮಾತ್ರ ನಾನು ಹೇಳಿದ್ದು. ಕೈಯಲ್ಲಿ ಕಪ್ ಇತ್ತು ಅಂತ ಹೇಳ್ಲೇ ಇಲ್ಲ. ಅದು ಜನ ಸೇರಿಸಿದ್ದು. ಇನ್ನೊಂದ್ಸಲ ನನ್ನ ಬಾಯಿಂದ ಬರೋದು ಬೇಡ."

  ಮೋನಿಕಾ ಬಟ್ಟೆಯನ್ನು ಎತ್ತಿಕೊಂಡು ಬಾಗಿಲಿನ ಬೆಳಕಿಗೆ ಹಿಡಿದಳು. ಬೆರಳಿನಿಂದ ಹೊಲಿಗೆಯನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಯ ತನಕ ಮುಟ್ಟಿದಳು.

"ನನ್ನ ಸ್ಕೂಲ್ ಚೀಲಾನೂ ಹಿಂಗೇ ಹೊಲಿದಿದ್ರು," ಅಂದಳು.

ಆಮೇಲೆ ನನ್ನ ಕಡೆ ತಿರುಗಿದಳು.

"ಅಪ್ಪ ಎಡಚ, ಅಮ್ಮಾ. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಗೊತ್ತಾಗಬೇಕಿತ್ತು. ಎರಡು ಗಂಟೆಯ ಹಿಂದೆ ಅದೇ ಕೈ ನನ್ನ ಮುಂದೆ ಕಾಫಿ ಲೋಟ ಇಟ್ಟಿತ್ತು. ಎಡಗೈಯಲ್ಲಿ ಕೊಟ್ಟರೆ ಹಿರಿಯರಿಗೆ ಮರ್ಯಾದೆಯಲ್ಲ ಎಂದು ಜಗಲಿಯ ಮೇಲಿಟ್ಟು ಸರಿಸಿತ್ತು. ನಾನು ಏನೆಂದುಕೊಂಡೆ? ಲೈನಿನವನ ಅಂಜಿಕೆ ಎಂದುಕೊಂಡೆ. ಮಡಿ ಮೈಲಿಗೆಯ ಬಗ್ಗೆ ಭಾಷಣ ಬಿಗಿದೆ. ಆ ಕೈಯನ್ನು ತಂದು ಅವನ ಕಣ್ಣ ಮುಂದೆ ನಿಲ್ಲಿಸುತ್ತೇನೆ ಎಂದು ಅವನಿಗೇ ಮಾತು ಕೊಟ್ಟೆ!

"ಮೋನಿಕಾ, ಇದಕ್ಕೆ ಬೇರೆ ಏನೋ ಕಾರಣ ಇರ್ಬೇಕು."

"ಏನು ಕಾರಣ?" ಅವಳ ಧ್ವನಿ ನಡುಗಲಿಲ್ಲ. ನಡುಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ನಾನು ಸವಾಲು ಕೂಗಿದ್ದು ಅಪ್ಪನ ಹೆಸರು ಉಳಿಸೋಕೆ. ಕಲ್ಲು ಕಳಿಸಿದ್ದು ಅಪ್ಪ. ನಿಮ್ಮ ಪತ್ತೇದಾರಿಕೆಯಲ್ಲಿ ಇದಕ್ಕೆ ಏನಂತಾರೆ?"

 ತಮ್ಮಯ್ಯನಿಗೆ ಕೈ ಮುಗಿದೆ. ತಪ್ಪಾಯಿತು ಎಂದೆ. ಅವನು ಅದಕ್ಕೂ ತಲೆ ತಗ್ಗಿಸಿದ. ಇನ್ನು ಅರ್ಧಕ್ಕೆ ನಿಲ್ಲಿಸುವ ಮಾತಿಲ್ಲ ಎಂದು ಗೋಡೌನಿನ ಹೊಸ್ತಿಲು ದಾಟುವಾಗಲೇ ನಿರ್ಧಾರ ಮಾಡಿದೆ. ಸತ್ಯ ನಮಗೆ ಬೇಕಾದ ಕಡೆ ತಿರುಗಿದರೆ ಹುಡುಕುವುದು, ಬೇಡದ ಕಡೆ ತಿರುಗಿದರೆ ಮನೆಗೆ ಹೋಗುವುದು, ಅದು ಪತ್ತೇದಾರಿಕೆಯಲ್ಲ, ಹರಟೆ.

"ನೇರ ಹ್ಯಾಂಡ್‌ಪೋಸ್ಟಿಗೆ," ಎಂದು ಮೋನಿಕಾಳಿಗೆ ಹೇಳಿದೆ. "ಅವನ ಬಾಯಿಂದಲೇ ಕೇಳೋಣ."

ಹ್ಯಾಂಡ್‌ಪೋಸ್ಟಿಗೆ ಹೋಗಬೇಕಾಗಲಿಲ್ಲ.

ಗೇಟಿನ ಹತ್ತಿರ ಕಾವಲಿನವನು ಯಾರನ್ನೋ ತಡೆಯಲು ಕೈ ಚಾಚಿ, ಚಾಚಿದ ಕೈಯನ್ನು ಇಳಿಸಲಾಗದೆ ನಿಂತಿದ್ದ. ಕಳಸದ ಬಸ್ಸು ಆಗಷ್ಟೇ ಹೋಗಿತ್ತು, ರಸ್ತೆಯ ಧೂಳು ಇನ್ನೂ ಇಳಿದಿರಲಿಲ್ಲ. ಗೇಟಿನ ಒಳಗೆ, ಎರಡು ಹೆಜ್ಜೆ ಒಳಗೆ, ಮಾರಯ್ಯ ನಿಂತಿದ್ದ. ಒಂಬತ್ತು ವರ್ಷ ದಾಟದಿದ್ದ ಗೇಟು.

ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ. ನನ್ನನ್ನು ಕಂಡವನೇ ಕೇಳಿದ:

"ತಮ್ಮಯ್ಯನೋರಿಗೆ ಏನೂ ಅಂದಿಲ್ಲ ತಾನೆ ಅಮ್ಮಾ? ಆಳುಗಳ ಮುಂದೆ ಏನೂ ಅಂದಿಲ್ಲ ತಾನೆ?"

"ಅವನು ಅಲ್ಲ ಅಂತ ಗೊತ್ತಾಯ್ತು."

ಅವನು ಕಣ್ಣು ಮುಚ್ಚಿ ತೆಗೆದ. "ಅಷ್ಟು ಹೇಳೋಕೆ ಬಂದೆ. ಇನ್ನೊಬ್ಬನ ತಲೆ ಮೇಲೆ ಅದು ಬೀಳಬಾರ್ದು."

ಮೋನಿಕಾ ಬಟ್ಟೆಯನ್ನು ಅವನ ಮುಂದೆ ಚಾಚಿದಳು.  ಮಾರಯ್ಯ ಬಟ್ಟೆಯನ್ನು ನೋಡಿದ, ಕಿವಿಗಳನ್ನು ನೋಡಿದ. ತನ್ನ ಕೈ ತನಗೇ ಮಾಡಿದ ಮೋಸ ಅವನಿಗೆ ಗೊತ್ತಾಯಿತು.

"ಕಿವಿ ಕಟ್ಟಿಬಿಟ್ಟಿದ್ದೀನಿ," ಅಂದ ಮೆಲ್ಲಗೆ. "ನೋಡ್ಲೇ ಇಲ್ಲ."

"ಅಪ್ಪಾ, ಕದ್ದಿದ್ದು ನೀನಾ?"

"ಅಲ್ಲ ಮಗಾ."

"ಮಾರಿದ್ದು?"

"ಅದೂ ಅಲ್ಲ. ಮಾರಿದವ ಹಾಸನದಲ್ಲಿದ್ದಾನೆ, ಕಟ್ಟಿ ಅಂಚೆಗೆ ಹಾಕೋ ಕೆಲಸ ನಂಗೆ ಕೊಟ್ಟಿದ್ದ. ಕಲ್ಲು ಮಾತ್ರ ನಂದು. ಗೆದ್ದಿರೋದು ನೀನು ಅಂತ ಚೀಟಿ ಮೇಲೆ ವಿಳಾಸ ನೋಡಿದಾಗ್ಲೇ ಗೊತ್ತಾಗಿದ್ದು. ಕಪ್ ನಿನ್ನ ಕೈಗೆ ಬಂದ್ರೆ, ನೀನು ಅದನ್ನ ಹಿಡ್ಕೊಂಡು ಗೌಡ್ರ ಹತ್ರ ಹೋಗ್ತೀಯ. ಹೋದ್ರೆ ಎಲ್ಲಾ ಹೊರಗೆ ಬರತ್ತೆ. ಅದಕ್ಕೇ ಕಪ್ ತೆಗೆದಿಟ್ಕೊಂಡು ಕಲ್ಲಿಟ್ಟೆ."

"ಎಲ್ಲಾ ಅಂದ್ರೆ ಏನು?" ನಾನು ತಡೆಯಲಾರದೆ ಕೇಳಿದೆ. "ಕದ್ದವರು ಯಾರು ಮಾರಯ್ಯ? ಅವರನ್ನ ಕಾಪಾಡೋಕೆ ಒಂಬತ್ತು ವರ್ಷ ನೀನು ಹೊರ್ಬೇಕಿತ್ತಾ?"

ಅವನು ಎಡಗೈ ಎತ್ತಿ ತೋರಿಸಿದ.

ಬಂಗಲೆಯ ಕಡೆಗಲ್ಲ. ಆಫೀಸಿನ ಕಡೆಗೂ ಅಲ್ಲ. ಕಣದಾಚೆ, ಲೈನ್ ಮನೆಗಳ ಸಾಲಿನಲ್ಲಿ, ಅವನ ತಾಯಿ ಭಾಗಮ್ಮ ಮಗನಿಗಾಗಿ ಬಾಗಿಲು ತೆರೆದಿಟ್ಟು ಮಲಗಿದ್ದ ಕೊನೆಯ ಮನೆಯ ಕಡೆಗೆ.